ಹರಾಜಿನವರ ಕೈತೋಟದ ಮೇಜು

ಮಾರ್ಚ್ ೩, ಸೋಮವಾರ

ಅಪ್ಪನ ಗಂಟಲಿನ ಗಡ್ಡೆ ತೆಗೆದಾಯಿತು. ಅದರ ಜೊತೆಗೆ ದನಿಯೂ ಹೋಯಿತು. ಪೂರ್ತಿ ಹೋಗಿಲ್ಲ, ಉಸಿರಿನಷ್ಟು ಉಳಿದಿದೆ ಎಂದು ಡಾಕ್ಟರು ಹೇಳಿದರಂತೆ. ಅಮ್ಮ ಆಸ್ಪತ್ರೆಯಿಂದ ಫೋನ್ ಮಾಡಿ ಇದನ್ನು ಹೇಳುವಾಗ ಹಿಂದೆ ಯಾರೋ ಬಕೆಟ್ ಎಳೆಯುತ್ತಿದ್ದರು. ನಾನು ‘ಹೂಂ’ ಎಂದೆ. ಫೋನ್ ಇಟ್ಟ ಮೇಲೆ ಹೇಳಬೇಕಾದದ್ದೆಲ್ಲ ನಾಲಿಗೆಗೆ ಬಂತು. ನನಗೆ ಯಾವಾಗಲೂ ಹೀಗೆಯೇ.

ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಮೂಟೆಗಳ ಮೇಲೆ ಹತ್ತಿ ನಿಂತು ಅವರು ಕೂಗಿದರೆ ಮೀನಿನ ಸಾಲಿನ ಕೊನೆಯವರೆಗೂ ಕೇಳುತ್ತಿತ್ತು. ಮನೆಯಲ್ಲೂ ಅದೇ ಗಂಟಲು. ಅವರು ಉಪ್ಪು ಕೇಳಿದರೆ ಪಕ್ಕದ ಮನೆಯವರೂ ಡಬ್ಬಿ ಹುಡುಕುತ್ತಿದ್ದರು. ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ನಾನು ಅಪ್ಪನ ಮುಖ ನೋಡುತ್ತಿದ್ದೆ, ಉತ್ತರ ಅಲ್ಲಿಂದ ಬರುತ್ತಿತ್ತು. ಶಾಲೆ ಬಿಟ್ಟಿದ್ದೂ ಇದಕ್ಕೇ. ಎದ್ದು ನಿಂತು ಗಟ್ಟಿಯಾಗಿ ಓದು ಎಂದು ಮೇಷ್ಟ್ರು ಹೇಳುತ್ತಿದ್ದರು. ಐದನೇ ತರಗತಿ ಮುಗಿದ ಮೇಲೆ ಹೋಗಲ್ಲ ಎಂದೆ. ಅಪ್ಪ ಇಟ್ಟ ‘ಇಲಿಮರಿ’ ಎಂಬ ಹೆಸರು ಈಗ ಇಡೀ ಬೀದಿಗೆ ಗೊತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಅಪ್ಪ ದಿನಾ ಜನರ ಜೊತೆ ಮಾತಾಡಬೇಕಂತೆ, ಆದರೆ ಕೂಗಬಾರದಂತೆ. ಮಲಗಿ, ಒರಗಿ ಮಾತಾಡಿದರೆ ಪ್ರಯೋಜನವಿಲ್ಲ. ನೆಟ್ಟಗೆ ಕೂತು, ಮೊಣಕೈ ಊರಿಕೊಂಡರೆ ಉಸಿರು ಸರಿಯಾಗಿ ಬರುತ್ತದೆ. ಸುಮ್ಮನೆ ಇದ್ದುಬಿಟ್ಟರೆ ಉಳಿದ ದನಿಯೂ ಹೋಗುತ್ತದೆ. ಮೇಡಂ ಇದನ್ನು ಅಮ್ಮನಿಗೆ ಎರಡು ಸಲ ಹೇಳಿದರಂತೆ. ಅಮ್ಮ ನನಗೆ ನಾಲ್ಕು ಸಲ ಹೇಳಿದಳು.

ಸಂಜೆ ತೂಕದ ಮಾವ ಬಂದರು. ಮಾರುಕಟ್ಟೆಯ ದೊಡ್ಡ ತಕ್ಕಡಿ ಅವರ ಕೈಯಲ್ಲಿದೆ. ಅಪ್ಪನಿಗೆ ಮೀಸೆ ಮೂಡುವ ಮೊದಲಿನಿಂದಲೂ ಸ್ನೇಹಿತರು. ಮಾರುಕಟ್ಟೆಯವರೆಲ್ಲ ಸೇರಿ ಕೊಟ್ಟ ಒಂದು ಲಕೋಟೆಯನ್ನು ನನ್ನ ಕೈಗಿಟ್ಟರು.

“ನಿಮ್ಮನೆ ಫ್ಯಾನ್ ಹಾಕಿದ್ರೆ ಹೆಲಿಕಾಪ್ಟರ್ ಇಳಿದ ಹಾಗಿರುತ್ತೆ. ಆ ಗದ್ದಲದಲ್ಲಿ ಅವನ ಮಾತು ಯಾರಿಗೆ ಕೇಳುತ್ತೆ? ಹಿಂದೆ ಕೈತೋಟ ಇದೆಯಲ್ಲ, ಅಲ್ಲಿಗೆ ಒಂದು ಮೇಜು, ಎರಡು ಬೆಂಚು ತಗೊಳ್ಳಿ. ನಾವೆಲ್ಲ ಬಂದು ಕೂತ್ಕೋತೀವಿ. ಹೇಗೆ ಮಾತಾಡಲ್ವೋ ನೋಡೇಬಿಡೋಣ.”

“ಯಾರು ತರೋದು, ಮಾವ?”

“ಇನ್ಯಾರು? ನಿಮ್ಮಮ್ಮ ಆಸ್ಪತ್ರೆ ಬಿಟ್ಟು ಬರ್ತಾಳಾ? ನೀನೇ ಆರಿಸು.”

ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ‘ಇಳೀತೀನಿ’ ಅನ್ನಲಾರದೆ ಮುಂದಿನ ನಿಲ್ದಾಣದಿಂದ ನಡೆದು ಬರುವವಳು ನಾನು. ಲಕೋಟೆಯನ್ನು ಅಕ್ಕಿ ಡಬ್ಬಿಯಲ್ಲಿಟ್ಟೆ. ಆಮೇಲೆ ತೆಗೆದು ಬಟ್ಟೆಯ ಕೆಳಗಿಟ್ಟೆ. ಅಲ್ಲಿಂದಲೂ ತೆಗೆದೆ.

ಮಾರ್ಚ್ ೫, ಬುಧವಾರ

ಕೆಲಸ ಮುಗಿಸಿ ಫರ್ನಿಚರ್ ಅಂಗಡಿಗೆ ಹೋದೆ. ಹೋದೆ ಎಂದರೆ, ಅಂಗಡಿಯ ಮುಂದೆ ಹೋದೆ. ಅಲ್ಲಿಂದ ಔಷಧಿ ಅಂಗಡಿಯವರೆಗೆ ನಡೆದೆ, ತಿರುಗಿ ಬಂದೆ, ಮತ್ತೆ ಹೋದೆ. ಔಷಧಿ ಅಂಗಡಿಯವನು ಇಣುಕಿ ನೋಡತೊಡಗಿದ. ಅವನ ಕಣ್ಣಿಗೆ ಹೆದರಿ ಫರ್ನಿಚರ್ ಅಂಗಡಿಯೊಳಕ್ಕೆ ನುಗ್ಗಿದೆ.

ಹಿಂಭಾಗದಲ್ಲಿ ಬಯಲಿಗೆ ಇಡುವ ಸಾಮಾನುಗಳೇ ಬೇರೆ. ಕಬ್ಬಿಣದ್ದು, ಪ್ಲಾಸ್ಟಿಕ್‌ದು, ಸಿಮೆಂಟಿನದು, ಮರದ್ದು. ಮೇಜಿಗೇ ಬೆಂಚು ಕೂಡಿಸಿದ್ದೂ ಒಂದಿತ್ತು. ಅದರಲ್ಲಿ ಕೂರಬೇಕಾದರೆ ಬೇಲಿ ದಾಟುವವರ ಹಾಗೆ ಕಾಲೆತ್ತಿ ಒಳಗೆ ಹಾಕಬೇಕು. ಅಪ್ಪನ ಕಾಲಿಗೆ ಈಗ ಅಷ್ಟು ಶಕ್ತಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅಂಗಡಿಯಾಕೆ ಬಂದು, “ಏನ್ ನೋಡ್ತಿದ್ದೀರಿ?” ಅಂದಳು.

“ಹೂಕುಂಡ” ಅಂದೆ.

ಯಾಕೆ ಹಾಗಂದೆನೋ. ಎದುರಿಗೆ ಹೂಕುಂಡ ಇತ್ತು, ಅದಕ್ಕೇ. ದೊಡ್ಡದೊಂದು ನೀಲಿ ಹೂಕುಂಡ ಕೊಂಡು, ಅದನ್ನು ತಬ್ಬಿಕೊಂಡು ಬಸ್ಸಿನಲ್ಲಿ ಬಂದೆ.

ಮಾರ್ಚ್ ೬, ಗುರುವಾರ

ಅಮ್ಮನಿಗೆ ಹೇಳಿದೆ. “ಅಪ್ಪನ್ನ ಹೂಕುಂಡದಲ್ಲಿ ನೆಡ್ತೀಯಾ?” ಅಂದಳು. ಅಮ್ಮ ಮೂಗು ಸೀಟಿಕೊಂಡಳು.

“ಎರಡು ಪ್ಲಾಸ್ಟಿಕ್ ಕುರ್ಚಿ ತಂದುಬಿಡೇ ಸಾಕು. ಬಿಸಿಲು, ಮಳೆ ಬಂದ್ರೆ ಒಳಗೆ ಎತ್ತಿಡಬಹುದು.”

ಎರಡು ಕುರ್ಚಿ ಎಂದರೆ ಅಪ್ಪ ಮತ್ತು ಅಮ್ಮ. ಇಬ್ಬರೇ ಕೂತು ಏನು ಮಾತಾಡುತ್ತಾರೆ? ಮಾತ್ರೆ ತಗೊಂಡ್ರಾ, ತಗೊಂಡೆ. ಅಪ್ಪನಿಗೆ ಜನ ಬೇಕು. ಇದನ್ನು ಅಮ್ಮನಿಗೆ ಹೇಳಲಿಲ್ಲ. ‘ಹೂಂ’ ಎಂದೆ.

ಮಾರ್ಚ್ ೯, ಭಾನುವಾರ

ಕಡೆಗೆ ತೂಕದ ಮಾವನನ್ನೇ ಕರೆದುಕೊಂಡು ಹೋದೆ.

ಮಾವ ಅಂಗಡಿಯಲ್ಲಿ ಒಂದೊಂದು ಬೆಂಚನ್ನೂ ಒಂದು ತುದಿಯಿಂದ ಎತ್ತಿ ನೋಡಿದರು. ಯಾವುದನ್ನಾದರೂ ಎತ್ತದೆ ಅವರಿಗೆ ನಂಬಿಕೆ ಬರುವುದಿಲ್ಲ. ಪ್ಲಾಸ್ಟಿಕ್ಕಿನದನ್ನು ಒಂದೇ ಕೈಯಲ್ಲಿ ಎತ್ತಿ, “ಇದೇನು ಬೆಂಚೋ ಹಪ್ಪಳವೋ?” ಅಂದರು. ಕಬ್ಬಿಣದ್ದರ ಮೇಲೆ ಅಂಗೈ ಇಟ್ಟು, “ಮಧ್ಯಾಹ್ನ ಇದರ ಮೇಲೆ ಕೂತ್ರೆ ದೋಸ್ತ ಜಿಗಿದು ಕೂಗ್ತಾನೆ. ಡಾಕ್ಟರು ಕೂಗಬಾರದು ಅಂದಿದ್ದಾರೆ” ಅಂದು ತಾವೇ ನಕ್ಕರು. ಸಿಮೆಂಟಿನದು ಎತ್ತಲು ಆಗಲಿಲ್ಲ. ಅದಕ್ಕೆ ಮರ್ಯಾದೆ ಕೊಟ್ಟು ಮುಂದೆ ಹೋದರು.

ಆಮೇಲೆ ಆ ದೊಡ್ಡ ಮರದ ಮೇಜು ಕಂಡಿತು. ಅಗಲವಾದ ಹಲಗೆಗಳು, ತೊಲೆಯಂಥ ಕಾಲುಗಳು, ಒರಗು ಇರುವ ಎರಡು ಬೆಂಚು. ನಾಲ್ಕು ನಾಲ್ಕು ಜನ ಎದುರುಬದುರಾಗಿ ಆರಾಮಾಗಿ ಕೂರಬಹುದು. ಮಾವ ಒಂದು ತುದಿ ಹಿಡಿದರು, ಮುಖ ಕೆಂಪಾಯಿತು, ಮೇಜು ಅಲುಗಲಿಲ್ಲ.

“ಇದು! ತೂಕ ಇದ್ರೆ ಮರ್ಯಾದೆ ಕಣಮ್ಮ. ನಿಮ್ಮಪ್ಪ ಒಂದು ಮಾರುಕಟ್ಟೆ ಆಳಿದವನು. ಅವನಿಗೆ ಸಣ್ಣ ಮೇಜು ಹಾಕಿದ್ರೆ ಜನ ನಮ್ಮನ್ನ ಆಡ್ಕೋತಾರೆ.”

ನನಗೂ ಅದು ಸರಿ ಅನ್ನಿಸಿತು. ಕೂತು ಮೊಣಕೈ ಊರಿ ನೋಡಿದೆ, ಎತ್ತರ ಸರಿಯಾಗಿತ್ತು. ಅಪ್ಪ ನನಗಿಂತ ಎತ್ತರ, ಅದಕ್ಕೆ ಬೆನ್ನು ಉದ್ದ ಮಾಡಿಕೊಂಡು ಇನ್ನೊಂದು ಸಲ ನೋಡಿದೆ. ಮಾವ ಎದುರಿಗೆ ಕೂತು, “ಹೇಗಿದೆ?” ಎಂದು ಅಬ್ಬರಿಸಿದರು. ಅಂಗಡಿಯ ಇನ್ನೊಂದು ಮೂಲೆಯಲ್ಲಿದ್ದವರು ‘ಚೆನ್ನಾಗಿದೆ’ ಎಂದರು.

ನನ್ನ ಎದೆಯಿಂದ ಭಾರ ಇಳಿಯಿತು. ಆರಿಸಿದ್ದು ಮಾವ. ನಾನು ತಲೆ ಆಡಿಸಿದ್ದಷ್ಟೇ.

ಮಾರ್ಚ್ ೧೨, ಬುಧವಾರ

ಮೇಜು ಬಂತು. ಗೇಟಿನಲ್ಲಿ ಹಿಡಿಸಲಿಲ್ಲ. ಪಕ್ಕದ ಸಂದಿಯಲ್ಲೂ ಹಿಡಿಸಲಿಲ್ಲ. ತಂದವರು ಕಾಂಪೌಂಡಿನ ಮೇಲಿಂದ ಎತ್ತಿ ಇಳಿಸಿದರು. ಒಂದು ಕಾಲು ಗೋಡೆಗೆ ಉಜ್ಜಿ ತರಚಿತು, ನಿಂಬೆ ಗಿಡದ ಒಂದು ಕೊಂಬೆ ಮುರಿಯಿತು. ಹಿಂದಿನ ಮನೆಯ ಅಜ್ಜಿ ತನ್ನ ಕಿಟಕಿಯಿಂದ ‘ಎಡಕ್ಕೆ, ಎಡಕ್ಕೆ’ ಎಂದು ಹೇಳಿಕೊಡುತ್ತಿದ್ದರು. ಯಾರ ಎಡವೋ ಯಾರಿಗೂ ತಿಳಿಯಲಿಲ್ಲ.

ಅಮ್ಮ ಬಟ್ಟೆ ತೆಗೆದುಕೊಂಡು ಹೋಗಲು ಬಂದವಳು ನೋಡಿದಳು. “ಇದೇನೇ, ಮನೇನೋ ಹೋಟೆಲ್ಲೋ? ನನ್ನ ಕೊತ್ತಂಬರಿ ಸೊಪ್ಪೆಲ್ಲಿ?”

ಕೊತ್ತಂಬರಿ ಮೇಜಿನ ಕೆಳಗಿತ್ತು.

ಮಾರ್ಚ್ ೧೬, ಭಾನುವಾರ

ಅಪ್ಪ ಮನೆಗೆ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ. ಷರಟಿನ ಕಾಲರು ದೊಡ್ಡದಾಗಿ ಕಾಣುತ್ತದೆ. ಕಿಟಕಿಯಿಂದ ಮೇಜನ್ನು ನೋಡಿದರು. ನಾನು ಹಿಂದೆ ನಿಂತು ಅವರು ಏನಾದರೂ ಅನ್ನಲಿ ಎಂದು ಕಾದೆ. ತಲೆ ಆಡಿಸಿದರು. ಚೆನ್ನಾಗಿದೆ ಎಂದೋ, ಯಾಕೆ ಎಂದೋ.

ಊಟದ ಹೊತ್ತಿಗೆ ಅವರ ತುಟಿ ಅಲುಗಿತು. ಫ್ಯಾನಿನ ಸದ್ದಿನಲ್ಲಿ ಕೇಳಲಿಲ್ಲ. ಅಮ್ಮ ಫ್ಯಾನ್ ಆರಿಸಿದಳು. ಮತ್ತೆ ತುಟಿ ಅಲುಗಿತು. ಕನ್ನಡಿಯ ಮೇಲೆ ಬಾಯಿಯಿಂದ ಆವಿ ಊದುವಾಗ ಬರುತ್ತದಲ್ಲ, ಅಂಥ ಸದ್ದು. “ನೀರು” ಎಂದಿದ್ದರು. ಅಮ್ಮ, ನಾನು ಇಬ್ಬರೂ ಒಟ್ಟಿಗೆ ಓಡಿ, ಅಡುಗೆಮನೆಯ ಬಾಗಿಲಲ್ಲಿ ಡಿಕ್ಕಿ ಹೊಡೆದೆವು. ಅಪ್ಪ ಬೆವರುತ್ತಾ ಕೂತಿದ್ದರು. ಫ್ಯಾನ್ ಹಾಕಿದರೆ ಮಾತಿಲ್ಲ, ಮಾತಾಡಿದರೆ ಗಾಳಿಯಿಲ್ಲ.

“ಹೊರಗೆ ಕೂರೋಣ ಬನ್ನಿ, ಗಾಳಿ ಇದೆ” ಎಂದು ಅಮ್ಮ ಕರೆದಳು. ಕೈಯಲ್ಲೇ ಬೇಡ ಎಂದರು.

ಮಾರ್ಚ್ ೧೭, ಸೋಮವಾರ

ಇವತ್ತೂ ಹೊರಗೆ ಬರಲಿಲ್ಲ. ನಾನು ಬೆಂಚುಗಳನ್ನು ನೆರಳಿಗೆ ಎಳೆದೆ. ನೆರಳು ಸರಿಯಿತು, ಮತ್ತೆ ಎಳೆದೆ.

ಮಾರ್ಚ್ ೨೦, ಗುರುವಾರ

ನಾನು ಕೆಲಸ ಮಾಡುವುದು ಲಾಂಡ್ರಿಯಲ್ಲಿ, ಹಿಂದಿನ ಇಸ್ತ್ರಿ ಕೋಣೆಯಲ್ಲಿ. ಅಲ್ಲಿ ಗಿರಾಕಿಗಳು ಬರುವುದಿಲ್ಲ, ಅದಕ್ಕೇ ಇಷ್ಟ. ಇವತ್ತು ಒಬ್ಬರ ಬಿಳಿ ಷರಟಿನ ಕಾಲರು ಸುಟ್ಟೆ. ಕಾಲರು ನೋಡುತ್ತಾ ಅಪ್ಪನ ಕುತ್ತಿಗೆ ನೆನಪಾಗಿ ಕೈ ನಿಂತುಬಿಟ್ಟಿತ್ತು.

ಮಾತು ಕಲಿಸುವ ಮೇಡಂ ಮನೆಗೆ ಫೋನ್ ಮಾಡಿದ್ದರಂತೆ. “ಮಾತಾಡ್ತಿದ್ದಾರಾ?” ಎಂದು ಕೇಳಿದರಂತೆ. ಅಮ್ಮ ಹೌದು ಎಂದಳಂತೆ. ಯಾಕೆ ಸುಳ್ಳು ಹೇಳಿದೆ ಅಂದರೆ, “ಇಲ್ಲ ಅಂದ್ರೆ ಬೈತಾರೆ” ಅಂದಳು. ಈ ಭಾನುವಾರ ಮಾರುಕಟ್ಟೆಯವರು ಬರುತ್ತಾರೆ. ಅವರು ಬಂದರೆ ಎಲ್ಲ ಸರಿಹೋಗುತ್ತದೆ. ಭಾನುವಾರ ಯಾಕೆ ಇಷ್ಟು ದೂರ ಇದೆಯೋ.

ಮಾರ್ಚ್ ೨೩, ಭಾನುವಾರ

ಬಂದರು. ತೂಕದ ಮಾವ, ಈರುಳ್ಳಿಯವರು, ಲಾರಿಯಣ್ಣ, ಇನ್ನೂ ನಾಲ್ಕು ಜನ. ಅವರು ಬಂದರೆ ಅಪ್ಪ ಒಳಗೆ ಕೂರುವುದು ಹೇಗೆ? ತಲೆ ಬಾಚಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡು ಹೊರಗೆ ಬಂದರು. ಎಲ್ಲರೂ ಸೇರಿ ಅವರನ್ನು ಬೆಂಚಿನ ನಡುವೆ ಕೂರಿಸಿದರು. ಮೇಜು ತುಂಬಿತು. ಖುಷಿಯಲ್ಲಿ ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ.

ಆಮೇಲೆ ಎಲ್ಲರೂ ಅಪ್ಪನ ಕಡೆ ಬಾಗಿ ಕೂಗತೊಡಗಿದರು.

“ಹೇಗಿದ್ದೀಯಾ? ಊಟ ಸೇರುತ್ತಾ?”

“ನೋವಿದೆಯಾ? ನೋವು?”

ಅಪ್ಪನ ಕಿವಿಗೆ ಏನೂ ಆಗಿಲ್ಲ, ಆಗಿದ್ದು ಗಂಟಲಿಗೆ. ಇದನ್ನು ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ಅಪ್ಪ ಏನೋ ಅಂದರು. ಎದುರು ಬೆಂಚಿನವರೆಲ್ಲ, “ಆಂ?” ಎಂದರು. ಅಪ್ಪ ಮತ್ತೆ ಅಂದರು. ಲಾರಿಯಣ್ಣ ಕಿವಿಗೆ ಕೈ ಹಿಡಿದು ಮುಂದೆ ಬಾಗಿದ. ಅಷ್ಟು ಅಗಲದ ಮೇಜು, ಎಷ್ಟು ಬಾಗಿದರೂ ಎದೆ ಹಲಗೆಗೆ ತಗುಲಿತೇ ಹೊರತು ಕಿವಿ ಅಪ್ಪನ ಹತ್ತಿರ ಬರಲಿಲ್ಲ. ಅಪ್ಪ ಮೂರನೇ ಸಲ ಅಂದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ಆಗ ಈರುಳ್ಳಿಯವರು ಕೇಳಿಸಿತೆನ್ನುವ ಹಾಗೆ ಮೇಜು ಗುದ್ದಿ, “ಹಹ್ಹಾ! ನೋಡ್ರೋ, ಬುದ್ಧಿ ಬಿಟ್ಟಿಲ್ಲ ಇವನು!” ಎಂದು ನಕ್ಕರು. ಉಳಿದವರೂ ನಕ್ಕರು.

ನಾನು ಅಪ್ಪನ ಬೆನ್ನ ಹಿಂದೆ ಚಹಾ ಹಿಡಿದು ನಿಂತಿದ್ದೆ. ನನಗೆ ಕೇಳಿಸಿತ್ತು. ಅಪ್ಪ ಕೇಳಿದ್ದು, “ನನ್ನ ಜಾಗದಲ್ಲಿ ಈಗ ಯಾರು ಕೂಗ್ತಿದ್ದಾರೆ?”

ಅಪ್ಪನೂ ಸ್ವಲ್ಪ ನಕ್ಕರು. ಆಮೇಲೆ ಅವರವರೇ ಲಾರಿ ಬಾಡಿಗೆ, ಮಳೆ, ಬೆಲೆ ಎಂದು ಮಾತಾಡಿಕೊಂಡರು. ಅಪ್ಪ ಎದ್ದು ಒಳಗೆ ಹೋದರು. ಶೌಚಕ್ಕೆ ಹೋಗಿದ್ದಾರೆ ಎಂದುಕೊಂಡು ಎಲ್ಲರೂ ಕಾದರು. ಕೋಣೆಯ ಚಿಲಕ ಹಾಕಿದ ಸದ್ದು ನನಗೆ ಕೇಳಿಸಿತು.

ಮಾರ್ಚ್ ೨೫, ಮಂಗಳವಾರ

ಈಗ ನೀರು ಬೇಕಾದರೂ ಮಾತಾಡುವುದಿಲ್ಲ. ಮಂಚದ ಚೌಕಟ್ಟಿಗೆ ಬೆರಳಿನಿಂದ ತಟ್ಟುತ್ತಾರೆ. ಒಂದು ತಟ್ಟಿದರೆ ನೀರು, ಎರಡು ತಟ್ಟಿದರೆ ದೀಪ ಆರಿಸಿ. ಅಮ್ಮ ಇದನ್ನು ಎಷ್ಟು ಬೇಗ ಕಲಿತುಬಿಟ್ಟಳು ಎಂದು ನನಗೆ ಸಿಟ್ಟು ಬಂತು. ಕಲಿಯಬಾರದಿತ್ತು.

“ಅಮ್ಮ, ಅವರು ತಟ್ಟಿದ್ರೆ ಹೋಗ್ಬೇಡ. ಕೇಳಿದ್ರೆ ಹೋಗು.”

“ಬಾಯಾರಿದವರನ್ನ ಕಾಯಿಸ್ಲಾ?”

“ಕಾಯಿಸು.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೀರು ತೆಗೆದುಕೊಂಡು ಹೋದಳು.

ನಾನು ಹೊರಗೆ ಹೋಗಿ ಆ ಮೇಜಿನ ಸುತ್ತ ಸುತ್ತಿದೆ. ಒದೆಯಬೇಕು ಅನ್ನಿಸಿತು. ಒದೆದರೆ ನನ್ನ ಕಾಲೇ ಮುರಿಯುತ್ತದೆ, ತೂಕದ ಮಾವ ಆರಿಸಿದ್ದಲ್ಲವೇ.

ಮಾರ್ಚ್ ೨೬, ಬುಧವಾರ

ಇದನ್ನು ಬೇಗ ಬರೆಯಬೇಕು.

ನಮ್ಮ ಇಸ್ತ್ರಿ ಕೋಣೆಯಲ್ಲಿ ನನ್ನೆದುರು ನಿಲ್ಲುವವಳು ಮಡಿಸುವ ಅಕ್ಕ. ನಾನು ಇಸ್ತ್ರಿ ಮಾಡಿದ್ದನ್ನು ಅವಳು ಮಡಿಸುತ್ತಾಳೆ. ಪಕ್ಕದಲ್ಲೇ ಒಗೆಯುವ ಯಂತ್ರಗಳು ಗುಡುಗುತ್ತಿರುತ್ತವೆ. ಕೆಲಸದ ಹೊತ್ತಿನಲ್ಲಿ ಮಾತಾಡಿದರೆ ಮಾಲೀಕರು ಬೈಯುತ್ತಾರೆ, ಅದಕ್ಕೆ ನಾವು ಪಿಸುಗುಟ್ಟುತ್ತೇವೆ. ಇವತ್ತು ಅವಳು ತನ್ನ ಅತ್ತೆಯ ಹಲ್ಲುಸೆಟ್ಟಿನ ಕತೆ ಹೇಳುತ್ತಿದ್ದಳು. ಹಲ್ಲುಸೆಟ್ಟು ಒಗೆಯುವ ಬಟ್ಟೆಯಲ್ಲಿ ಸಿಕ್ಕ ಜಾಗ ಬಂದಾಗ ನನಗೆ ಥಟ್ಟನೆ ಹೊಳೆಯಿತು. ಇಷ್ಟು ಗದ್ದಲದಲ್ಲಿ ಇವಳ ಪಿಸುಮಾತು ನನಗೆ ಅಕ್ಷರ ಅಕ್ಷರ ಕೇಳುತ್ತಿದೆಯಲ್ಲ, ಹೇಗೆ?

ಇಸ್ತ್ರಿ ಮೇಜು ಇಕ್ಕಟ್ಟು. ಅದೇ. ನಮ್ಮ ಮುಖಗಳು ಹತ್ತಿರ ಇರುತ್ತವೆ.

ಒಂದು ದಾರ ತೆಗೆದು ಇಸ್ತ್ರಿ ಮೇಜಿನ ಅಗಲ ಅಳೆದೆ. ಅವಳು, “ಏನೇ, ಹುಚ್ಚು ಹಿಡೀತಾ? ಕತೆ ಕೇಳು” ಅಂದಳು.

ಮನೆಗೆ ಬಂದು ನಮ್ಮ ಮೇಜಿಗೆ ಆ ದಾರ ಹಿಡಿದರೆ ಅರ್ಧಕ್ಕಿಂತ ಸ್ವಲ್ಪವೇ ಮುಂದಕ್ಕೆ ಬಂತು. ಅಮ್ಮನನ್ನು ಎಳೆದು ತಂದು ಎದುರಿಗೆ ಕೂರಿಸಿ, ಪಿಸುಗುಟ್ಟು ಅಂದೆ. ತುಟಿ ಆಡಿತು, ಏನೂ ಕೇಳಲಿಲ್ಲ. ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು ನೋಡಿದೆವು. ಕೇಳಿತು, ಆದರೆ ಮುಖ ಕಾಣಲಿಲ್ಲ. ಅಪ್ಪನಿಗೆ ಮುಖ ಕಾಣದೆ ಆಗುವುದಿಲ್ಲ. ಅವರು ಹರಾಜು ಕೂಗುತ್ತಿದ್ದದ್ದೇ ಮುಖ ನೋಡಿಕೊಂಡು. ಯಾರು ಇನ್ನೂ ಏರಿಸುತ್ತಾರೆ, ಯಾರು ಸುಮ್ಮನೆ ಜಂಬ ಕೊಚ್ಚುತ್ತಿದ್ದಾರೆ ಎಲ್ಲ ಅವರಿಗೆ ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು.

“ಏನಂದೆ ಅಮ್ಮ, ಆಗ ಪಿಸುಗುಟ್ಟಿದಾಗ?”

“ಕೊತ್ತಂಬರಿ ಹೋಯ್ತಲ್ಲ ಅಂದೆ.”

ಮಾರ್ಚ್ ೨೭, ಗುರುವಾರ

ಅರ್ಧ ದಿನ ರಜೆ ಹಾಕಿ ಫರ್ನಿಚರ್ ಅಂಗಡಿಗೆ ಹೋದೆ. ಈ ಮೇಜು ವಾಪಸ್ ತಗೊಂಡು ಅಗಲ ಕಡಿಮೆ ಇರುವುದು ಕೊಡಿ ಎಂದೆ. ಅಂಗಡಿಯಾಕೆ, “ಕಾಲು ತರಚಿದೆ ಅಂತ ನೀವೇ ಹೇಳ್ತೀರಿ, ಬಳಸಿದ್ದನ್ನ ಹೇಗೆ ತಗೊಳ್ಳೋದು?” ಅಂದಳು. ತರಚಿದ್ದು ನಿಮ್ಮವರೇ ಅಂದೆ. ಗೇಟು ಸಣ್ಣದು ಅಂತ ನೀವು ಹೇಳ್ಬೇಕಿತ್ತು ಅಂದಳು. ಗೇಟು ಎಷ್ಟಿದೆ ಅಂತ ನೀವು ಕೇಳ್ಬೇಕಿತ್ತು ಅಂದೆ. ಇನ್ನೂ ಏನೇನೋ ಅಂದೆ, ಎಲ್ಲ ನೆನಪಿಲ್ಲ. ಹಿಂದೆ ಇಬ್ಬರು ಗಿರಾಕಿಗಳು ಸೋಫಾ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ಕಡೆಗೆ ಅವಳು, “ಅಮ್ಮಾ ತಾಯಿ, ಬದಲಾಯಿಸೋಕೆ ನನ್ನಿಂದ ಆಗಲ್ಲ. ಇದನ್ನ ಮಾಡಿದ ಬಡಗಿ ನಂಬರ್ ಕೊಡ್ತೀನಿ, ಅವನ ಜೊತೆ ಮಾತಾಡ್ಕೊಳ್ಳಿ” ಎಂದು ಚೀಟಿ ಕೊಟ್ಟಳು.

ಹೊರಗೆ ಬಂದೆ. ಹಸಿವಾಗಿತ್ತು. ಬ್ರೆಡ್ಡು ತಿಂದೆ.

ಮಾರ್ಚ್ ೨೯, ಶನಿವಾರ

ಬಡಗಿ ಬೆಳಿಗ್ಗೆಯೇ ಬಂದ. ನರೆತ ಹುಬ್ಬು, ಕಿವಿಯ ಮೇಲೆ ಪೆನ್ಸಿಲು. ಮೇಜನ್ನು ಕಂಡು ತವರಿನವರನ್ನು ಕಂಡ ಹಾಗೆ ಸವರಿದ.

“ನಮ್ಮದೇ ಕೈ. ಏನಾಗಿದೆ ಇದಕ್ಕೆ?”

“ಏನೂ ಆಗಿಲ್ಲ. ನಡುವಿನ ಹಲಗೆಗಳನ್ನ ತೆಗೆದು ಎರಡು ಕಡೆಯನ್ನ ಹತ್ತಿರ ಸೇರಿಸಿ. ಅಗಲ ಇಷ್ಟಿರ್ಬೇಕು” ಎಂದು ದಾರ ಕೊಟ್ಟೆ.

ಅವನು ದಾರ ನೋಡಿದ, ನನ್ನನ್ನು ನೋಡಿದ. “ತಂಗೀ, ಚೆನ್ನಾಗಿರೋ ಮೇಜಿನ ಹೊಟ್ಟೆ ಕೊಯ್ಯಿ ಅಂತೀಯಲ್ಲ. ನನಗೆ ಕೈ ಬರಲ್ಲ.”

“ಬರುತ್ತೆ. ಕುಯ್ಯಿರಿ.”

“ಇಷ್ಟು ಸಣ್ಣಗೆ ಮಾಡಿದ್ರೆ ಎದುರು ಕೂತವರ ಮಂಡಿಗೆ ಮಂಡಿ ತಗುಲುತ್ತೆ.”

“ತಗುಲಲಿ.”

“ಯಾರಾದ್ರೂ ಒರಗಿದ್ರೆ ಉರುಳುತ್ತೆ.”

ಅವನೇ ಗದ್ದ ಕೆರೆದುಕೊಂಡು ಯೋಚಿಸಿದ. ತೆಗೆದ ಹಲಗೆಗಳನ್ನೇ ಕಾಲುಗಳ ಕೆಳಗೆ ಅಡ್ಡ ಹಾಕಿದರೆ ಪಾದ ಅಗಲವಾಗುತ್ತದೆ, ಹಲಗೆಯ ದಪ್ಪದಷ್ಟು ಕಾಲು ಕತ್ತರಿಸಿದರೆ ಎತ್ತರವೂ ಅಷ್ಟೇ ಉಳಿಯುತ್ತದೆ ಎಂದ. ಹೇಳುತ್ತಾ ಹೇಳುತ್ತಾ ಅವನಿಗೇ ಇಷ್ಟವಾಯಿತು. ಗರಗಸ ತೆಗೆದ.

ಅರ್ಧ ಕುಯ್ದಿರುವಾಗ ತೂಕದ ಮಾವ ಹಣ್ಣಿನ ಚೀಲ ಹಿಡಿದು ಬಂದರು. ಚೀಲ ಕೆಳಗೆ ಬಿತ್ತು.

“ಏಯ್! ಏನಿದು? ನಾವೆಲ್ಲ ಸೇರಿ ಕೊಟ್ಟಿದ್ದು ಕಣೇ ಅದು! ಕುಯ್ದು ಸೌದೆ ಮಾಡ್ತಿದ್ದೀಯಾ? ಬೇಡ ಅಂದಿದ್ರೆ ಬೇಡ ಅನ್ಬೇಕಿತ್ತು!”

“ಮಾವ, ಕೂಗ್ಬೇಡಿ.”

“ಕೂಗ್ದೆ ಇನ್ನೇನು ಮಾಡ್ಲಿ? ಮಾರುಕಟ್ಟೆಯಲ್ಲಿ ಏನಂತ ಹೇಳ್ಲಿ?”

“ಭಾನುವಾರ ಅಪ್ಪ ಏನು ಕೇಳಿದ್ರು ಅಂತ ನಿಮಗೆ ಗೊತ್ತಾ? ಮೂರು ಸಲ ಕೇಳಿದ್ರು. ತಮಾಷೆ ಮಾಡ್ಲಿಲ್ಲ ಅವರು. ತನ್ನ ಜಾಗದಲ್ಲಿ ಯಾರು ಕೂಗ್ತಿದ್ದಾರೆ ಅಂತ ಕೇಳಿದ್ರು. ನೀವೆಲ್ಲ ನಕ್ಕಿರಿ. ನೀವು ಕೆಟ್ಟವರಲ್ಲ ಮಾವ, ನಿಮಗೆ ಕೇಳಿಸ್ಲಿಲ್ಲ. ಈ ಮೇಜಿಗೆ ಕೂತು ಯಾರಿಗೂ ಕೇಳಲ್ಲ. ಇದು ಗಂಟಲಿರೋರ ಮೇಜು.”

ಗರಗಸ ನಿಂತಿತ್ತು. ಬಡಗಿ ನೆಲ ನೋಡುತ್ತಿದ್ದ. ಮಾವ ಬಿದ್ದ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದರು. ಒಂದು ಹಣ್ಣನ್ನು ಅಂಗಿಗೆ ಒರೆಸಿ, ಮತ್ತೆ ಒರೆಸಿ, ಹಾಕಿದರು. ಆಮೇಲೆ ಹಲಗೆಯ ಇನ್ನೊಂದು ತುದಿ ಗಟ್ಟಿಯಾಗಿ ಹಿಡಿದುಕೊಂಡು, “ಕುಯ್ಯಿರಿ, ಅಲುಗಾಡುತ್ತೆ” ಅಂದರು.

ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಅಪ್ಪ ಎದ್ದು ಕೂತಿದ್ದರು. ಕೇಳಿಸಿತೋ ಏನೋ.

ಮಾರ್ಚ್ ೩೦, ಭಾನುವಾರ

ಮಾವ ಒಬ್ಬರೇ ಬಂದರು. ಹೊಸ ಮೇಜಿಗೆ, ಅಂದರೆ ಹಳೆಯದಕ್ಕೇ, ಕೂತರು. ನಾನು ಅಪ್ಪನ ಕೋಣೆಗೆ ಹೋದೆ. ಅವರು ಗೋಡೆ ಕಡೆ ತಿರುಗಿದ್ದರು.

“ಅಪ್ಪಾ, ಮಾವ ಬಂದಿದ್ದಾರೆ. ನೀವು ಕೇಳಿದ್ದಕ್ಕೆ ಉತ್ತರ ಹೇಳೋಕೆ ಬಂದಿದ್ದಾರೆ. ನಾನು ಹೋಗಿ ಕೇಳ್ಕೊಂಡು ಬರಲ್ಲ. ನೀವೇ ಬಂದು ಕೇಳಿ.”

ಮಂಚಕ್ಕೆ ಎರಡು ಸಲ ತಟ್ಟಿದರು.

“ದೀಪ ಹಾಕೇ ಇಲ್ಲ, ಆರಿಸೋದೇನು?”

ಹೊರಗೆ ಬಂದು ನಿಂಬೆ ಗಿಡಕ್ಕೆ ನೀರು ಹಾಕಿದೆ. ನೀರು ಹಾಕಿದ್ದಕ್ಕೇ ಮತ್ತೆ ಹಾಕಿದೆ. ಮಾವ ಬೆರಳು ಮುರಿಯುತ್ತಾ ಕೂತಿದ್ದರು. ಇನ್ನು ಬರಲ್ಲ ಅಂದುಕೊಳ್ಳುವಷ್ಟರಲ್ಲಿ ಚಪ್ಪಲಿಯ ಸದ್ದು ಕೇಳಿತು.

ಅಪ್ಪ ಕೂತರು. ಮಂಡಿಗೆ ಮಂಡಿ ತಗುಲಿ ಇಬ್ಬರೂ ಕಾಲು ಸರಿಸಿಕೊಂಡರು. ಎಲ್ಲಿ ಸರಿಸಿದರೂ ತಗುಲಿತು. ಅಪ್ಪ ಮೊಣಕೈ ಊರಿದರು. ಅದೇ ಪ್ರಶ್ನೆ ಕೇಳಿದರು, ಒಂದೇ ಸಲ.

ಮಾವ ತಾವೂ ಮೆಲ್ಲಗೆ ಹೇಳಿದರು. “ಕುಳ್ಳ. ಆಲೂಗಡ್ಡೆ ಮಂಡಿಯಲ್ಲಿದ್ದನಲ್ಲ, ಆ ಕುಳ್ಳ. ಸುಳ್ಳು ಹೇಳಲ್ಲ ನಿನಗೆ. ಚೆನ್ನಾಗೇ ಕೂಗ್ತಾನೆ.”

ಅಪ್ಪ ಹಲಗೆಯ ಗೆರೆಯ ಮೇಲೆ ಉಗುರು ಎಳೆದರು. ತುಂಬಾ ಹೊತ್ತು ಎಳೆದರು. ಎದ್ದು ಹೋಗುತ್ತಾರೆ ಎಂದುಕೊಂಡೆ.

“ಮುಖ ನೋಡ್ತಾನಾ?”

“ಆಂ?” ಎಂದು ಮಾವ ಅನ್ನಲಿಲ್ಲ. ಕೇಳಿಸಿತ್ತು. “ಇಲ್ಲ ಮಾರಾಯ. ಆಕಾಶ ನೋಡ್ಕೊಂಡು ಕೂಗ್ತಾನೆ. ಮೊನ್ನೆ ಟೊಮೆಟೊ ನೀರಿನ ಬೆಲೆಗೆ ಹೋಯ್ತು. ಬೆಳೆದವನು ಅಲ್ಲೇ ಕೂತು ಅತ್ತ.”

ಅಪ್ಪನ ಮುಖ ಕೆಂಪಾಯಿತು. ಸಿಟ್ಟು. ಎಷ್ಟು ದಿನವಾಗಿತ್ತು ಅವರಿಗೆ ಸಿಟ್ಟು ಬಂದು.

“ಕರ್ಕೊಂಡು ಬಾ ಅವನ್ನ.”

ಏಪ್ರಿಲ್ ೧, ಮಂಗಳವಾರ

ಲಾಂಡ್ರಿಯ ಮಾಲೀಕರು ನಾಳೆಯಿಂದ ನನ್ನನ್ನು ಮುಂದಿನ ಕೌಂಟರಿಗೆ ಹಾಕಿದ್ದಾರೆ. ಗುಂಡಿ ಕಿತ್ತುಹೋಯಿತು, ಬಣ್ಣ ಬಿಟ್ಟಿತು ಎಂದು ಜಗಳಕ್ಕೆ ಬರುವವರಿಗೆ ಉತ್ತರ ಹೇಳಲು ನೀನೇ ಸರಿ ಎಂದರು. ಯಾಕೆ ನಾನೋ ತಿಳಿಯದು. ಮಡಿಸುವ ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ಬೇಸರ. ಹಲ್ಲುಸೆಟ್ಟಿನ ಕತೆ ಇನ್ನೂ ಮುಗಿದಿಲ್ಲ.

ಏಪ್ರಿಲ್ ೬, ಭಾನುವಾರ

ಕುಳ್ಳಣ್ಣನನ್ನು ಮಾವ ಕರೆತಂದರು. ಮೂರು ಮಕ್ಕಳ ತಂದೆ, ಆದರೂ ಅಪ್ಪನ ಮುಂದೆ ತಪ್ಪು ಮಾಡಿದವನ ಹಾಗೆ ನಿಂತಿದ್ದ. “ನಮಸ್ಕಾರ ಅಣ್ಣಾ!” ಎಂದು ಅವನು ಕೂಗಿದ್ದಕ್ಕೆ ಹಿಂದಿನ ಮನೆಯ ಅಜ್ಜಿ ಕಿಟಕಿ ತೆಗೆದರು.

“ಇಲ್ಲಿ ಕೂಗ್ಬೇಡಿ. ಕೂತ್ಕೊಳ್ಳಿ. ಮಂಡಿ ತಗುಲುತ್ತೆ, ಏನೂ ಅಂದ್ಕೋಬೇಡಿ” ಅಂದೆ.

ಈರುಳ್ಳಿಯವರು ಮತ್ತು ಲಾರಿಯಣ್ಣನೂ ಬಂದಿದ್ದರು. ಈರುಳ್ಳಿಯವರು ಅಪ್ಪನ ಕೈ ಹಿಡಿದು ಏನೋ ಅಂದರು. ಅಪ್ಪ ಹೋಗಲಿ ಬಿಡು ಎನ್ನುವಂತೆ ಅವರ ಕೈಮೇಲೆ ತಟ್ಟಿದರು. ಎಲ್ಲರೂ ತಲೆಗೆ ತಲೆ ಸೇರಿಸಿ ಪಿಸುಗುಟ್ಟತೊಡಗಿದರು. ಅಜ್ಜಿ ಕಿಟಕಿಯಿಂದ, “ಯಾರ ಮನೆಗೆ ಕನ್ನ ಹಾಕ್ತಿದ್ದೀರಪ್ಪಾ?” ಎಂದು ಕೇಳಿದರು. ನಿಮ್ಮನೆಗೇ ಅಜ್ಜಿ, ಬಾಗಿಲು ತೆಗೆದಿಡಿ ಅಂದೆ.

ಅಪ್ಪ ಕುಳ್ಳಣ್ಣನಿಗೆ, ಈರುಳ್ಳಿಯವರ ಮುಖ ನೋಡಿ ಅವರು ಇನ್ನೂ ಏರಿಸುತ್ತಾರೋ ಇಲ್ಲವೋ ಹೇಳು ಎಂದರು. ಕುಳ್ಳಣ್ಣ ತಪ್ಪು ಹೇಳಿದ. ಅಪ್ಪ ಯಾಕೆ ತಪ್ಪು ಎಂದು ಶುರು ಮಾಡಿದರು. ಅವರ ಉಸಿರು ಸೋಲುತ್ತದೆಂದು ನಾನು ಪಕ್ಕದಲ್ಲಿ ನಿಂತು ಸಹಾಯ ಮಾಡಿದೆ. ಅಪ್ಪ ಹೇಳ್ತಿರೋದು ಏನಂದ್ರೆ, ಕೊಳ್ಳೋ ಮನಸ್ಸಿರೋರು ಬೆಲೆ ಕೇಳಿದ ತಕ್ಷಣ ಮಾಲು ನೋಡಲ್ಲ, ಪಕ್ಕದವನನ್ನ ನೋಡ್ತಾರೆ, ಅಂತ. ಅಪ್ಪ ಮತ್ತೇನೋ ಶುರು ಮಾಡಿದರು. ಮಾಲು ಚೆನ್ನಾಗಿಲ್ಲ ಅಂತ ಬೈಯೋನೇ ಕೊನೆಗೆ ತಗೊಳ್ಳೋನು, ನಮ್ಮ ಲಾಂಡ್ರಿ ಕೌಂಟರಿನಲ್ಲೂ ಹಾಗೇ, ಅಂತ ನಾನು ಬಿಡಿಸಿ ಹೇಳಿದೆ. ಆ ಬೈಯುವವರದು ಒಂದು ಕತೆ ಇತ್ತು, ಅದನ್ನೂ ಹೇಳಿದೆ.

ಅಪ್ಪ ಅಂಗೈಯಿಂದ ಮೇಜಿಗೆ ಹೊಡೆದರು.

“ಇಲಿಮರಿ, ನೀನು ಸ್ವಲ್ಪ ಬಾಯಿ ಮುಚ್ತೀಯಾ? ನನಗೆ ಮಾತಾಡೋಕೆ ಬಿಡು.”

ಎಲ್ಲರೂ ಹೋ ಎಂದು ನಕ್ಕರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ. ನನಗೆ ಮುಖ ಬಿಸಿಯಾಯಿತು. ನಾನು ಅಂಥದ್ದೇನು ಮಾತಾಡಿದೆ? ಇಡೀ ದಿನದಲ್ಲಿ ನಾಲ್ಕು ಮಾತು ಆಡಿರಬಹುದು.

ಸಿಟ್ಟಿನಲ್ಲಿ ಒಳಗೆ ಬಂದು ಚಹಾಕ್ಕೆ ನೀರಿಟ್ಟೆ. ಕಿಟಕಿಯಿಂದ ನೋಡಿದರೆ ಐದು ತಲೆಗಳೂ ಮೇಜಿನ ಮೇಲೆ ಬಾಗಿದ್ದವು. ಅಪ್ಪನ ತುಟಿ ಆಡುತ್ತಲೇ ಇತ್ತು, ಕುಳ್ಳಣ್ಣ ಅವರ ಮುಖವನ್ನೇ ನೋಡುತ್ತಿದ್ದ. ನೀರು ಕುದಿಯಿತು, ಚಹಾಪುಡಿ ಹಾಕಿದೆ, ಸೋಸಿದೆ. ಅಪ್ಪ ಇನ್ನೂ ಮಾತಾಡುತ್ತಿದ್ದರು. ಏನೆಂದು ನನಗೆ ಒಂದಕ್ಷರವೂ ಕೇಳಿಸಲಿಲ್ಲ.